ಅಲನ್ ಪೇಜ್: ಡಿಫೆನ್ಸ್ ಆಟಗಾರನೊಬ್ಬ ಎಂವಿಪಿ ಆದದ್ದು ಏಕೆ ದೊಡ್ಡ ವಿಷಯ

ಅಮೆರಿಕನ್ ಫುಟ್‌ಬಾಲ್ ಕಲಿಯಲು ಹೊರಟವರು ಮೊದಲು ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ದಾಳಿಯನ್ನು ನಡೆಸಿ ಚೆಂಡು ಎಸೆಯುವ ಆಟಗಾರರ, ಹೆಸರನ್ನೇ ನೆನಪಿಟ್ಟುಕೊಳ್ಳುತ್ತಾರೆ. ಚೆಂಡು ಅವರ ಕೈಯಲ್ಲಿರುತ್ತದೆ, ಕ್ಯಾಮೆರಾವೂ ಅವರ ಮೇಲೇ ಇರುತ್ತದೆ. ಆದರೆ ಅವರನ್ನು ತಡೆಯುವವರನ್ನೂ ನೋಡಿದರೆ ಮಾತ್ರ ಆಟ ಪೂರ್ತಿ ಅರ್ಥವಾಗುತ್ತದೆ. ಅದಕ್ಕೆ ಡಿಫೆನ್ಸಿವ್ ಟ್ಯಾಕಲ್ ಆಗಿದ್ದ ಅಲನ್ ಪೇಜ್‌ಗಿಂತ ಒಳ್ಳೆಯ ಪಾಠ ಇಲ್ಲ ಅಂತ ನನಗನ್ನಿಸುತ್ತದೆ.

ಮೊದಲು ಅವರು ಆಡುತ್ತಿದ್ದ ಜಾಗ. ದಾಳಿ ಮಾಡುವ ತಂಡ ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಡಿಫೆನ್ಸಿವ್ ಟ್ಯಾಕಲ್ ನಿಲ್ಲುವುದು ಎದುರು ಸಾಲಿನ ಮಧ್ಯದಲ್ಲಿ. ಚೆಂಡು ಹಿಡಿದು ಓಡಿಬರುವವನನ್ನು ಅಲ್ಲೇ ಕೆಡವಬೇಕು. ಪಾಸ್ ಆದರೆ, ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನ ಮೇಲೆ ಬೀಳಬೇಕು. ಹಾಗೆ ಆಟ ಶುರುವಾದ ಗೆರೆಯ ಹಿಂದೆಯೇ ಕೆಡವಿದರೆ ಅದು ಸ್ಯಾಕ್. ಒಬ್ಬ ಟ್ಯಾಕಲ್‌ನನ್ನು ತಡೆಯಲು ಇಬ್ಬರು ಬೇಕಾದರೆ, ಪಕ್ಕದಲ್ಲಿರುವ ಜೊತೆಗಾರನ ದಾರಿ ಸಲೀಸಾಗುತ್ತದೆ. ಈ ಕೆಲಸ ಸಾಮಾನ್ಯ ಅಂಕಿಪಟ್ಟಿಯಲ್ಲಿ ಕಾಣುವುದಿಲ್ಲ.

ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೋದ ಕ್ಯಾಂಟನ್‌ನಲ್ಲಿ. ನಾಟ್ರ್ ಡೇಮ್ ಕಾಲೇಜು ತಂಡದಲ್ಲಿ ಆಡಿ, 1967ರಲ್ಲಿ ಮಿನೆಸೋಟಾ ವೈಕಿಂಗ್ಸ್ ಸೇರಿದರು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್ ಮತ್ತು ಪೇಜ್, ಈ ನಾಲ್ವರ ಮುಂಚೂಣಿ ಸಾಲಿಗೆ 'ಪರ್ಪಲ್ ಪೀಪಲ್ ಈಟರ್ಸ್' ಎಂಬ ಅಡ್ಡಹೆಸರಿತ್ತು. ಪೇಜ್ ಅವರ ಬಲ ಮೈತೂಕದಲ್ಲಿ ಇರಲಿಲ್ಲ, ವೇಗದಲ್ಲಿತ್ತು. ಚೆಂಡು ಅಲುಗಿದ ತಕ್ಷಣ ಅವರು ಗೆರೆ ದಾಟಿರುತ್ತಿದ್ದರು.

1971ರಲ್ಲಿ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಅವರಿಗೆ ಎನ್‌ಎಫ್‌ಎಲ್ ಎಂಬ ವೃತ್ತಿಪರ ಫುಟ್‌ಬಾಲ್ ಲೀಗಿನ ಅತ್ಯಮೂಲ್ಯ ಆಟಗಾರ, ಅಂದರೆ ಎಂವಿಪಿ ಪ್ರಶಸ್ತಿ ಕೊಟ್ಟಿತು. ಡಿಫೆನ್ಸ್ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಮೇಲೆ 1986ರಲ್ಲಿ ಇನ್ನೊಬ್ಬ ಡಿಫೆನ್ಸ್ ಆಟಗಾರ ಲಾರೆನ್ಸ್ ಟೇಲರ್‌ಗೆ ಸಿಕ್ಕಿತು. ಇಲ್ಲೊಂದು ವಿಷಯ ಗಮನಿಸಿ: ಎನ್‌ಎಫ್‌ಎಲ್ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದೇ 1982ರಲ್ಲಿ. ಪೇಜ್ ಕೊನೆಯ ಪಂದ್ಯ ಆಡಿದ್ದು 1981ರಲ್ಲಿ! ಅಂದರೆ ಮತ ಹಾಕಿದವರ ಮುಂದೆ ದೊಡ್ಡ ಅಂಕಿಯೇನೂ ಇರಲಿಲ್ಲ. ಮೈದಾನದಲ್ಲಿ ಕಂಡ ಆಟವೇ ಅವರನ್ನು ಒಪ್ಪಿಸಿತು. ನನಗೆ ಈ ಪ್ರಶಸ್ತಿ ತುಂಬಾ ದೊಡ್ಡದು ಅನ್ನಿಸುವುದು ಇದಕ್ಕೇ.

ವೈಕಿಂಗ್ಸ್ ಆ ವರ್ಷಗಳಲ್ಲಿ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಆಡಿತು, ನಾಲ್ಕನ್ನೂ ಸೋತಿತು. ಟ್ರೋಫಿ ಎಣಿಸಿ ಆಟಗಾರನನ್ನು ಅಳೆಯುವವರು ಇದನ್ನು ನೆನಪಿಡಬೇಕು.

1978 ಬಹಳ ಮುಖ್ಯವಾದ ವರ್ಷ. ಪೇಜ್ ದೂರದ ಓಟ ರೂಢಿಸಿಕೊಂಡಿದ್ದರು, ತೂಕ ಇಳಿದಿತ್ತು. ಇಷ್ಟು ಹಗುರಾದವರು ಈ ಜಾಗಕ್ಕೆ ಸಾಲದು ಅಂತ ವೈಕಿಂಗ್ಸ್‌ಗೆ ಅನ್ನಿಸಿತು. ಸೀಸನ್ ನಡುವೆಯೇ ಅವರನ್ನು ಕೈಬಿಟ್ಟಿತು. ಶಿಕಾಗೋ ಬೇರ್ಸ್ ಕರೆದುಕೊಂಡಿತು, ಅಲ್ಲಿ ಅವರು 1981ರವರೆಗೆ ಆಡಿದರು. ಅದೇ 1978ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿಯೂ ಕೈಗೆ ಬಂತು. ವೃತ್ತಿಪರ ಫುಟ್‌ಬಾಲ್ ಆಡುತ್ತಲೇ ಓದಿದ್ದು ಅದು. ಆಟಗಾರರ ಸಂಘದಲ್ಲೂ ಅವರು ಪ್ರತಿನಿಧಿಯಾಗಿ ದುಡಿದಿದ್ದರು. ಹಕ್ಕುಗಳ ಮಾತು ಅವರಿಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ.

ಮುಂದೆ ಖಾಸಗಿ ವಕೀಲಿಕೆ, ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕಚೇರಿ. ಮಿನೆಸೋಟಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ಜನರೇ ಮತ ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಅಲ್ವಾ? ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ. 1992ರಲ್ಲಿ ಗವರ್ನರ್ ಒಬ್ಬ ನ್ಯಾಯಮೂರ್ತಿಯ ಅವಧಿ ವಿಸ್ತರಿಸಿದ್ದರಿಂದ ಆ ಸ್ಥಾನದ ಚುನಾವಣೆಯೇ ತಪ್ಪಿಹೋಗುವುದರಲ್ಲಿತ್ತು. ಪೇಜ್ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದರು. ನಂತರ ಚುನಾವಣೆಯನ್ನೂ ಗೆದ್ದರು. ಆ ಕೋರ್ಟಿನ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿ ಅವರು. ಅಲ್ಲಿನ ನಿಯಮದಂತೆ 70 ತುಂಬಿದಾಗ, 2015ರಲ್ಲಿ, ನಿವೃತ್ತರಾದರು.

ವೃತ್ತಿಪರ ಫುಟ್‌ಬಾಲ್ ದಿಗ್ಗಜರ ಸ್ಮರಣೆಗಿರುವ ಹಾಲ್ ಆಫ್ ಫೇಮ್‌ನ ಗೌರವ ಸಿಕ್ಕಿದ್ದು 1988ರಲ್ಲಿ. ಆ ಹಾಲ್ ಇರುವುದು ಅವರ ಹುಟ್ಟೂರು ಕ್ಯಾಂಟನ್‌ನಲ್ಲೇ. ಹುಡುಗನಾಗಿದ್ದಾಗ ಆ ಕಟ್ಟಡ ಕಟ್ಟುವ ಕೆಲಸದಲ್ಲಿ ಅವರೂ ಇದ್ದರು. ಇಂಥ ಸಮಾರಂಭದಲ್ಲಿ ಸನ್ಮಾನಿತರನ್ನು ಪರಿಚಯಿಸಲು ಸಾಮಾನ್ಯವಾಗಿ ಕೋಚ್ ಅಥವಾ ಸಹ ಆಟಗಾರ ಬರುತ್ತಾರೆ. ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ಶಾಲೆಯೊಂದರ ಪ್ರಿನ್ಸಿಪಾಲ್ ಅವರನ್ನು. ಭಾಷಣವೂ ಮಕ್ಕಳ ಓದಿನ ಬಗ್ಗೆಯೇ. ಅದೇ ವರ್ಷ, ಬಿಳಿಯರಲ್ಲದ ವಿದ್ಯಾರ್ಥಿಗಳ ಕಾಲೇಜು ಓದಿಗೆ ನೆರವಾಗುವ ಪೇಜ್ ಎಜುಕೇಷನ್ ಫೌಂಡೇಷನ್ ಶುರುವಾಯಿತು. ಹಣ ಪಡೆದವರು ತಮಗಿಂತ ಚಿಕ್ಕ ಮಕ್ಕಳಿಗೆ ಪಾಠದಲ್ಲಿ ಸಹಾಯ ಮಾಡಬೇಕು, ಅದೇ ಷರತ್ತು.