ಪ್ರೋಟಾನ್ ಒಳಗ ಮೂರೇ ಅವೇನ್ರಿ?

ಎರಡು ‘ಅಪ್’, ಒಂದು ‘ಡೌನ್’. ಕ್ವಾರ್ಕ್ ಎಂಬ ಮೂಲಕಣಗಳು ಹೀಗೆ ಮೂರು ಸೇರಿದರೆ ಒಂದು ಪ್ರೋಟಾನ್. ಕಲಬುರಗಿಯಲ್ಲಿ ಗಲ್ಲಿಗೊಂದರಂತೆ ಎದ್ದಿರುವ ಕೋಚಿಂಗ್ ಕ್ಲಾಸುಗಳ ಹುಡುಗ ಹುಡುಗಿಯರು ಈ ಲೆಕ್ಕವನ್ನು ಉಸಿರು ಬಿಡದೆ ಒಪ್ಪಿಸುತ್ತಾರೆ. ಅಪ್‌ನ ಆವೇಶ 2/3, ಡೌನ್‌ನದು ಮೈನಸ್ 1/3. 2/3ಕ್ಕೆ 2/3 ಕೂಡಿಸಿ 1/3 ಕಳೆದರೆ 1, ಪ್ರೋಟಾನಿನ ವಿದ್ಯುದಾವೇಶ ಸರಿಹೋಯಿತು. ಉತ್ತರ ತಪ್ಪಲ್ಲ, ಅಂಕವೂ ಸಿಗುತ್ತದೆ. ಆದರೆ ಬಿ.ಎಸ್ಸಿ. ತರಗತಿಯಲ್ಲಿ ಅಫಜಲಪುರ ಕಡೆಯ ಹುಡುಗನೊಬ್ಬ ಎದ್ದು, “ಸರ್, ಒಳಗ ಮೂರೇ ಅವ ಅಂತ ಎಣಿಸಿದವ್ರು ಯಾರ್ರಿ? ಹ್ಯಾಂಗ್ ಎಣಿಸಿದ್ರು?” ಎಂದು ಕೇಳಿದಾಗ ಪಾಠ ಅಲ್ಲಿಗೆ ನಿಂತಿತು. ಸಿಲೆಬಸ್ಸಿಗೆ ಈ ಪ್ರಶ್ನೆ ಬೇಕಿಲ್ಲ. ನನಗೇನೋ ಉತ್ತರಕ್ಕಿಂತ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತದೆ. ಯಾಕೆಂದರೆ ‘ಮೂರು’ ಎಂಬುದು ಒಂದು ಮಟ್ಟದ ಶಕ್ತಿಯಿಂದ ಇಣುಕಿದಾಗ ಕಾಣುವ ಸಂಖ್ಯೆ. ಶಕ್ತಿ ಕಡಿಮೆಯಿದ್ದರೆ ಪ್ರೋಟಾನ್ ಮಸುಕು ಮಸುಕಾದ ಒಂದೇ ಉಂಡೆ. ಶಕ್ತಿ ಏರಿಸಿದರೆ ಒಳಗೆ ಎಣಿಸಲು ಬಾರದಷ್ಟು ಸಂದಣಿ.

ಇಣುಕುವುದಾದರೂ ಹೇಗೆ? ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಳ್ಳಿ. ಅದು ಒಂದು ಫೆಮ್ಟೊಮೀಟರ್. ಪ್ರೋಟಾನಿನ ತ್ರಿಜ್ಯ ಅದಕ್ಕಿಂತಲೂ ತುಸು ಕಡಿಮೆ. ಕಣ್ಣಿಗೆ ಕಾಣುವ ಬೆಳಕಿನ ಒಂದು ಅಲೆ ಇಡೀ ಪ್ರೋಟಾನಿಗಿಂತ ಸುಮಾರು ಮೂವತ್ತು ಕೋಟಿ ಪಟ್ಟು ಉದ್ದ. ಪ್ರೋಟಾನ್ ಇದೆಯೆಂಬ ಸುಳಿವೂ ಸಿಗದಂತೆ ಅದು ದಾಟಿಹೋಗುತ್ತದೆ. ಸಣ್ಣದನ್ನು ನೋಡಲು ಅಷ್ಟೇ ಸಣ್ಣ ಅಲೆ ಬೇಕು. ಕಣಗಳಿಗೂ ಅಲೆಯ ಗುಣವುಂಟು, ವೇಗ ಕೊಟ್ಟಷ್ಟೂ ಅಲೆ ಕುಗ್ಗುತ್ತದೆ. ಹಾಗಾಗಿ ಎಲೆಕ್ಟ್ರಾನ್‌ಗಳನ್ನು ಓಡಿಸಿ ಪ್ರೋಟಾನಿನತ್ತ ಎಸೆಯುವುದು, ಅವು ಯಾವ ಕೋನಕ್ಕೆ ಎಷ್ಟು ಚದುರಿದವು, ಎಷ್ಟು ಶಕ್ತಿ ಕಳೆದುಕೊಂಡವು ಎಂದು ಅಳೆಯುವುದು. ಎಪ್ಪತ್ತು ವರ್ಷಗಳಿಂದ ನಡೆದಿರುವ ಕೆಲಸ ಇದೇ.

ಎಲೆಕ್ಟ್ರಾನೇ ಯಾಕೆ ಎಂಬುದನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಪ್ರೋಟಾನಿಗೆ ಪ್ರೋಟಾನನ್ನೇ ಗುದ್ದಿಸಿದರೆ ಎರಡರ ಒಳಗೂ ಏನೇನೋ ಇರುವುದರಿಂದ ಯಾವ ಗುರುತು ಯಾರದೆಂದು ಬಿಡಿಸುವುದು ಕಷ್ಟ. ಎಲೆಕ್ಟ್ರಾನಿಗೆ ಒಳಭಾಗ ಇರುವ ಸುಳಿವು ಇದುವರೆಗೆ ಯಾವ ಪ್ರಯೋಗದಲ್ಲೂ ಸಿಕ್ಕಿಲ್ಲ. ಅದು ಪ್ರೋಟಾನಿನೊಂದಿಗೆ ವ್ಯವಹರಿಸುವುದು ಮುಖ್ಯವಾಗಿ ವಿದ್ಯುತ್ಕಾಂತ ಬಲದಿಂದ, ಆ ಬಲದ ಲೆಕ್ಕ ನಮಗೆ ಅತ್ಯಂತ ನಿಖರವಾಗಿ ಗೊತ್ತು. ಎಸೆದ ವಸ್ತುವಿನ ಬಗ್ಗೆ ಅನುಮಾನವಿಲ್ಲದಿದ್ದರೆ, ಬಂದ ಫಲಿತಾಂಶದಲ್ಲಿರುವ ವಿಚಿತ್ರವೆಲ್ಲ ಪ್ರೋಟಾನಿನದೇ.

ಪ್ರೋಟಾನ್ ಬರೀ ಬಿಂದುವಲ್ಲ ಎಂಬ ಗುಮಾನಿ ಹುಟ್ಟಿದ್ದು 1933ರಲ್ಲಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಓಟೊ ಸ್ಟರ್ನ್ ಮತ್ತು ಸಂಗಡಿಗರು ಅದರ ಕಾಂತೀಯ ಬಲವನ್ನು ಅಳೆದಾಗ, ಬಿಂದುವಿಗೆ ಇರಬೇಕಾದದ್ದರ ಎರಡೂವರೆ ಪಟ್ಟು ಬಂತು. (ಇಂದಿನ ಅಂಕಿ 2.79.) ಅದೇ ವರ್ಷ ನಾಜಿಗಳ ಕಾರಣಕ್ಕೆ ಸ್ಟರ್ನ್ ದೇಶ ಬಿಡಬೇಕಾಯಿತು. ಒಳಗೆ ಏನೋ ಇದೆ ಎಂದಷ್ಟೇ ತಿಳಿದು, ನೋಡುವ ಸಾಧನವಿಲ್ಲದೆ ಇಪ್ಪತ್ತು ವರ್ಷ ಕಳೆಯಿತು.

ಆ ಸಾಧನ ಸಿಕ್ಕಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. ರಾಬರ್ಟ್ ಹಾಫ್‌ಸ್ಟಾಟರ್ 1950ರ ದಶಕದ ನಡುವಿನಲ್ಲಿ 18.8 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನ್ ಗಳಿಸುವ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಹೈಡ್ರೋಜನ್ ಮೇಲೆ ಹಾಯಿಸಿದರು. ಹೈಡ್ರೋಜನ್ ಪರಮಾಣುವಿನ ನಡುವೆ ಇರುವುದು ಒಂದೇ ಪ್ರೋಟಾನ್. ಪ್ರೋಟಾನ್ ಬಿಂದುವಾಗಿದ್ದರೆ ಯಾವ ಕೋನದಲ್ಲಿ ಎಷ್ಟು ಎಲೆಕ್ಟ್ರಾನ್ ಬರಬೇಕೆಂಬುದಕ್ಕೆ ಸೂತ್ರವಿತ್ತು. ಕೋನ ದೊಡ್ಡದಾದಂತೆ ಎಣಿಕೆ ಆ ಸೂತ್ರಕ್ಕಿಂತ ಕೆಳಗಿಳಿಯಿತು. ಆವೇಶ ಒಂದು ಜಾಗದಲ್ಲಿ ಹರಡಿಕೊಂಡಿದ್ದರೆ ಬೇರೆ ಬೇರೆ ಭಾಗಗಳಿಂದ ಚದುರಿದ ಅಲೆಗಳು ದೊಡ್ಡ ಕೋನಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ಎಷ್ಟು ಅಳಿಸಿತು ಎಂಬುದರಿಂದ ಹರಹು ಎಷ್ಟೆಂದು ಲೆಕ್ಕ ಹಾಕಬಹುದು. ಪ್ರೋಟಾನಿಗೆ ಗಾತ್ರವಿದೆ ಎಂದು ಗೊತ್ತಾಯಿತು. 1961ರಲ್ಲಿ ಹಾಫ್‌ಸ್ಟಾಟರ್‌ಗೆ ನೊಬೆಲ್ ಬಂತು.

ಈಗ ಕಥೆಯ ಮುಖ್ಯ ಭಾಗ. ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ 1966ಕ್ಕೆ 3.2 ಕಿಲೋಮೀಟರ್ ಉದ್ದದ, ದಾರ ಹಿಡಿದಂತೆ ನೇರವಾದ ವೇಗವರ್ಧಕ ಸಿದ್ಧವಾಯಿತು. ಹಳೆಯ ಡಬ್ಬಾ ಟಿ.ವಿ.ಗಳ ಪಿಕ್ಚರ್ ಟ್ಯೂಬಿನಲ್ಲಿಯೂ ಎಲೆಕ್ಟ್ರಾನ್‌ಗಳೇ ಓಡುತ್ತಿದ್ದವು, ಸುಮಾರು ಇಪ್ಪತ್ತು ಸಾವಿರ ವೋಲ್ಟ್‌ನಲ್ಲಿ. ಇಲ್ಲಿ ಅದರ ಹತ್ತು ಲಕ್ಷ ಪಟ್ಟು ಶಕ್ತಿ, ಎಂದರೆ ಎರಡು ಸಾವಿರ ಕೋಟಿ ಎಲೆಕ್ಟ್ರಾನ್ ವೋಲ್ಟ್. ಗುರಿ ದ್ರವ ಹೈಡ್ರೋಜನ್. ಚದುರಿ ಬಂದ ಎಲೆಕ್ಟ್ರಾನ್‌ಗಳನ್ನು ಹಿಡಿಯಲು ಭಾರೀ ಅಯಸ್ಕಾಂತಗಳ ಸಾಲು, ಅದನ್ನು ಕೋನ ಬದಲಿಸಲು ಹಳಿಗಳ ಮೇಲೆ ಸರಿಸುತ್ತಿದ್ದರು. ಅಯಸ್ಕಾಂತದಲ್ಲಿ ಎಲೆಕ್ಟ್ರಾನ್ ಎಷ್ಟು ಬಾಗಿತೋ ಅದರಿಂದ ಅದರ ಸಂವೇಗ ತಿಳಿಯುತ್ತದೆ.

ಜೆರೋಮ್ ಫ್ರೀಡ್‌ಮನ್, ಹೆನ್ರಿ ಕೆಂಡಾಲ್, ರಿಚರ್ಡ್ ಟೇಲರ್ ಮುಂದಾಳತ್ವದ ತಂಡ ನೋಡಿದ್ದು ಪ್ರೋಟಾನ್ ಇಡಿಯಾಗಿ ಉಳಿಯದೆ ಚೂರಾಗುವ ಡಿಕ್ಕಿಗಳನ್ನು. ಪ್ರೋಟಾನ್ ಬರೀ ಮೆತ್ತಗಿನ ಉಂಡೆಯಾಗಿದ್ದರೆ ದೊಡ್ಡ ಕೋನಕ್ಕೆ ತಿರುಗುವ ಎಲೆಕ್ಟ್ರಾನ್ ಅಪರೂಪವಾಗಬೇಕಿತ್ತು. ಅವು ನಿರೀಕ್ಷೆಯನ್ನು ಬಹಳ ಮೀರಿ ಬಂದವು. ಜೊತೆಗೆ, ಫಲಿತಾಂಶ ಡಿಕ್ಕಿಯ ಜೋರು ಮತ್ತು ಕಳೆದ ಶಕ್ತಿ ಎರಡನ್ನೂ ಪ್ರತ್ಯೇಕವಾಗಿ ಅವಲಂಬಿಸದೆ ಅವುಗಳ ಅನುಪಾತವೊಂದನ್ನೇ ಅನುಸರಿಸುತ್ತಿತ್ತು. ಸಿದ್ಧಾಂತಿ ಜೇಮ್ಸ್ ಬ್ಯೋರ್ಕೆನ್ ಹೀಗಾಗಬಹುದೆಂದು ಮೊದಲೇ ಲೆಕ್ಕ ಹಾಕಿದ್ದರು. ಅದರ ಅರ್ಥ ಬಿಡಿಸಿ ಹೇಳಿದ್ದು 1968ರಲ್ಲಿ ಅಲ್ಲಿಗೆ ಬಂದ ರಿಚರ್ಡ್ ಫೈನ್‌ಮನ್. ಗಾತ್ರವಿರುವ ವಸ್ತುವನ್ನು ಹತ್ತಿರದಿಂದ ನೋಡಿದಂತೆ ರೂಪ ಬದಲಾಗುತ್ತದೆ, ಬಿಂದು ಎಷ್ಟು ಹತ್ತಿರ ಹೋದರೂ ಬಿಂದುವೇ. ಎಲೆಕ್ಟ್ರಾನ್ ಡಿಕ್ಕಿ ಹೊಡೆದದ್ದು ಇಡೀ ಪ್ರೋಟಾನಿಗಲ್ಲ, ಒಳಗಿನ ಬಿಂದುಗಳಲ್ಲಿ ಒಂದಕ್ಕೆ.

ತೊಗರಿ ಕಾಯಿಯ ಮೇಲೆ ಹೆಬ್ಬೆರಳು ಹಾಯಿಸಿದರೆ ಸಿಪ್ಪೆ ಬಿಡಿಸದೆಯೂ ಒಳಗಿನ ಕಾಳು ತಾಗುತ್ತದಲ್ಲ, ಇದೂ ಹಾಗೆಯೇ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ತೊಗರಿಯನ್ನು ರಾಶಿ ಮಾಡಿ ಕಾಳು ಬೇರೆ, ಹೊಟ್ಟು ಬೇರೆ ಮಾಡಬಹುದು. ಕ್ವಾರ್ಕನ್ನು ಒಂಟಿಯಾಗಿ ಯಾರೂ ಹೊರತೆಗೆದಿಲ್ಲ. ಎಳೆಯಲು ಸುರಿದ ಶಕ್ತಿಯಿಂದಲೇ ಹೊಸ ಕ್ವಾರ್ಕ್, ಅದರ ವಿರುದ್ಧ ಆವೇಶದ ಪಡಿಯಚ್ಚಾದ ಪ್ರತಿಕ್ವಾರ್ಕ್‌ಗಳು ಹುಟ್ಟಿ ಜೋಡಿಯಾಗಿಬಿಡುತ್ತವೆ. ತೂಕದ ಲೆಕ್ಕ ಇನ್ನೂ ಸೋಜಿಗದ್ದು. ಕಾಯಿಯಲ್ಲಿ ತೂಕವಿರುವುದು ಕಾಳಿನಲ್ಲಿ. ಪ್ರೋಟಾನಿನ ದ್ರವ್ಯರಾಶಿ ಶಕ್ತಿಯ ಲೆಕ್ಕದಲ್ಲಿ 938 ಮೆಗಾ (ಹತ್ತು ಲಕ್ಷ) ಎಲೆಕ್ಟ್ರಾನ್ ವೋಲ್ಟ್, ಮೂರು ಕ್ವಾರ್ಕ್‌ಗಳ ಸ್ವಂತದ್ದು ಕೂಡಿಸಿದರೆ ಒಂಬತ್ತರ ಆಸುಪಾಸು. ನೂರಕ್ಕೆ ಒಂದು! ಅರವತ್ತು ಕಿಲೋ ತೂಗುವವರಲ್ಲಿ ಕ್ವಾರ್ಕ್‌ಗಳ ಸ್ವಂತ ಪಾಲು ಮುಕ್ಕಾಲು ಕಿಲೋ ಕೂಡ ಆಗುವುದಿಲ್ಲ. ಉಳಿದದ್ದೆಲ್ಲ ಒಳಗಿನ ಚಲನೆ ಮತ್ತು ಬಂಧದ ಶಕ್ತಿ.

ಒಳಗಿನ ಆ ಬಿಂದುಗಳು ಕ್ವಾರ್ಕ್‌ಗಳೇ ಎಂದು ಒಪ್ಪಲು ಕೆಲವು ವರ್ಷ ಹಿಡಿಯಿತು. ಅವುಗಳ ಸ್ಪಿನ್ (ಕಣಕ್ಕೆ ಸ್ವಭಾವದಿಂದಲೇ ಇರುವ ಒಂದು ಬಗೆಯ ತಿರುಗುವಿಕೆ) ಅರ್ಧ ಎಂದು ಎಲೆಕ್ಟ್ರಾನ್ ಪ್ರಯೋಗಗಳೇ ತೋರಿಸಿದವು. ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ನ್ಯೂಟ್ರಿನೊ ಎಂಬ ಆವೇಶವಿಲ್ಲದ, ತೀರ ಹಗುರ ಕಣಗಳಿಂದ ನಡೆದ ಪ್ರಯೋಗಗಳನ್ನು ಜೊತೆಗಿಟ್ಟು ನೋಡಿದಾಗ 1/3, 2/3ರ ಆವೇಶಗಳೂ ತಾಳೆಯಾದವು. ಆದರೆ ಕ್ವಾರ್ಕ್‌ಗಳ ಸಂವೇಗವನ್ನೆಲ್ಲ ಕೂಡಿಸಿದರೆ ಪ್ರೋಟಾನಿನ ಸಂವೇಗದ ಅರ್ಧಕ್ಕೇ ನಿಂತಿತು. ಮಿಕ್ಕರ್ಧ ಹೊತ್ತಿದ್ದು ಎಲೆಕ್ಟ್ರಾನಿಗೆ ನೇರವಾಗಿ ಕಾಣದ, ಆವೇಶವಿಲ್ಲದ, ಕ್ವಾರ್ಕ್‌ಗಳನ್ನು ಬೆಸೆದಿಡುವ ಗ್ಲುಆನ್‌ಗಳು. ಫ್ರೀಡ್‌ಮನ್, ಕೆಂಡಾಲ್, ಟೇಲರ್‌ಗೆ 1990ರಲ್ಲಿ ನೊಬೆಲ್ ಸಂದಿತು.

‘ಮೂರು’ ಎಂಬ ಚಿತ್ರ ಪೂರ್ತಿ ಚದುರಿಹೋದದ್ದು ಸ್ಟರ್ನ್ ಇದ್ದ ಹ್ಯಾಂಬರ್ಗ್‌ನಲ್ಲೇ. 1992ರಿಂದ 2007ರವರೆಗೆ ಅಲ್ಲಿ 6.3 ಕಿಲೋಮೀಟರ್ ಸುತ್ತಳತೆಯ ‘ಹೆರಾ’ ಯಂತ್ರದಲ್ಲಿ 27.5 ಗಿಗಾ (ನೂರು ಕೋಟಿ) ಎಲೆಕ್ಟ್ರಾನ್ ವೋಲ್ಟ್‌ನ ಎಲೆಕ್ಟ್ರಾನ್‌ಗಳು 920ರವರೆಗಿನ ಪ್ರೋಟಾನ್‌ಗಳಿಗೆ ಎದುರುಬದುರಾಗಿ ಬಡಿದವು. ಸಂವೇಗದ ತೀರ ಚಿಕ್ಕ ಪಾಲು ಹೊತ್ತ ಕಣಗಳನ್ನು ಹುಡುಕಿದಷ್ಟೂ ಗ್ಲುಆನ್‌ಗಳು ಸರ್ರನೆ ಏರಿದವು, ಅವುಗಳಿಂದ ಹುಟ್ಟಿ ಅಳಿಯುವ ಕ್ವಾರ್ಕ್ ಜೋಡಿಗಳೂ. ಕ್ವಾರ್ಕ್‌ಗಳ ಎಣಿಕೆಯಿಂದ ಪ್ರತಿಕ್ವಾರ್ಕ್‌ಗಳದನ್ನು ಕಳೆದರೆ ಮಾತ್ರ ಮೂರು ಉಳಿಯುತ್ತದೆ. ಅಂದರೆ ಮೂರು ನಿಜವೇ, ಜಮಾದಿಂದ ಖರ್ಚು ಕಳೆದ ಮೇಲಿನ ಬಾಕಿಯಾಗಿ ನಿಜ. ಅಫಜಲಪುರದ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಗಾತ್ರದ ವಿಷಯವಾದರೂ ಇತ್ಯರ್ಥವಾಗಿತ್ತೇ? 2010ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಎಲೆಕ್ಟ್ರಾನಿನ ಬದಲು 207 ಪಟ್ಟು ಭಾರದ ಮ್ಯುಆನ್ ಸುತ್ತುವ ಹೈಡ್ರೋಜನ್ನನ್ನು ಲೇಸರ್‌ನಿಂದ ಅಳೆದಾಗ ಪ್ರೋಟಾನಿನ ತ್ರಿಜ್ಯ ಅದುವರೆಗೆ ಒಪ್ಪಿದ್ದ 0.877ರ ಬದಲು 0.842 ಫೆಮ್ಟೊಮೀಟರ್ ಬಂತು. ಶೇಕಡಾ ನಾಲ್ಕರ ವ್ಯತ್ಯಾಸ, ಆ ಕ್ಷೇತ್ರದಲ್ಲಿ ಅದು ಗಲಾಟೆಗೆ ಸಾಕು. 2019ರಲ್ಲಿ ಅಮೆರಿಕದ ಜೆಫರ್ಸನ್ ಪ್ರಯೋಗಾಲಯ ತೀರ ಚಿಕ್ಕ ಕೋನಗಳಲ್ಲಿ ಎಲೆಕ್ಟ್ರಾನ್ ಚದುರಿಸಿ 0.831 ಎಂದಿತು, ಚಿಕ್ಕ ಅಂಕಿಯ ಕಡೆಗೇ ತಕ್ಕಡಿ ವಾಲಿತು.

ಇನ್ನೂ ಬಗೆಹರಿಯದ್ದು ಸ್ಪಿನ್. ಮೂರು ಕ್ವಾರ್ಕ್‌ಗಳ ಸ್ಪಿನ್ ಕೂಡಿಸಿದರೆ ಪ್ರೋಟಾನಿನದು ಸಿಗಬೇಕೆಂದು ನಂಬಿದ್ದರು. 1980ರ ದಶಕದ ಕೊನೆಗೆ ಸರ್ನ್‌ನಲ್ಲಿ ಮ್ಯುಆನ್‌ಗಳಿಂದ ಅಳೆದಾಗ ಆ ನಂಬಿಕೆ ಬಿತ್ತು. ಈಗಿನ ಅಂದಾಜಿನಂತೆ ಕ್ವಾರ್ಕ್‌ಗಳ ಸ್ಪಿನ್ನಿನ ಪಾಲು ಮೂರರಲ್ಲೊಂದರ ಹತ್ತಿರ. ಉಳಿದದ್ದರಲ್ಲಿ ಗ್ಲುಆನ್‌ಗಳದೆಷ್ಟು, ಒಳಗಿನ ಸುತ್ತಾಟದ್ದೆಷ್ಟು? ಇದನ್ನೂ ಅಳೆಯಲೆಂದು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್‌ನಲ್ಲಿ, ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಎರಡರ ಸ್ಪಿನ್ನನ್ನೂ ಬೇಕಾದ ದಿಕ್ಕಿಗೆ ಹೊಂದಿಸಿ ಡಿಕ್ಕಿ ಹೊಡೆಸುವ ಹೊಸ ಯಂತ್ರಕ್ಕೆ ತಯಾರಿ ನಡೆದಿದೆ. ಭಾರತದ ಹಲವು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಜನರೂ ಅದರಲ್ಲಿದ್ದಾರೆ. ಅದು ಚಾಲೂ ಆಗುವುದು 2030ರ ದಶಕದಲ್ಲಿ. ಈ ವರ್ಷ ಬಿ.ಎಸ್ಸಿ.ಗೆ ಸೇರಿದವರು ಪಿಎಚ್.ಡಿ. ಮುಗಿಸುವ ಹೊತ್ತಿಗೆ ಅದರ ಮೊದಲ ಅಂಕಿಅಂಶ ಬರತೊಡಗಬಹುದು.