ಸೊಂಟ ಎಷ್ಟು ಡಿಗ್ರಿ ಬಾಗುತ್ತದೆ?

ಅಮೆರಿಕದ ಮಾಜಿ ಸೈನಿಕ ಸೇವೆಯಲ್ಲಿ ಅಂಟಿದ ಬೆನ್ನುನೋವಿಗೆ ಸರ್ಕಾರದಿಂದ ಪರಿಹಾರಧನ ಕೇಳಿದರೆ, ಮುಂದಕ್ಕೆ ಬಾಗಿ ತೋರಿಸಬೇಕು. ತಪಾಸಣೆ ಮಾಡುವವರ ಕೈಯಲ್ಲಿ ಗೋನಿಯೋಮೀಟರ್ ಇರುತ್ತದೆ. ಕಂಪಾಸ್ ಡಬ್ಬಿಯ ಕೋನಮಾಪಕಕ್ಕೆ ಎರಡು ಕೈ ಮೂಡಿದ ಹಾಗೆ. ಸೊಂಟ 30 ಡಿಗ್ರಿಗೇ ನಿಂತರೆ 40% ಅಂಗವೈಕಲ್ಯ. 35ರವರೆಗೆ ಬಾಗಿದರೆ ಅರ್ಧಕ್ಕಿಳಿದು 20%. 60 ದಾಟಿ 85ರೊಳಗೆ ನಿಂತರೆ 10%.

ಈ ಲೆಕ್ಕದ ಬೇರು 1917ರ ಕಾನೂನಿನಲ್ಲಿದೆ. ಗಾಯದಿಂದ ದುಡಿಮೆ ಸರಾಸರಿ ಎಷ್ಟು ಕುಗ್ಗುತ್ತದೋ ಅಷ್ಟಕ್ಕೆ ಪರಿಹಾರ ಎಂದಿತು ಅದು. ಯಾವ ಗಾಯಕ್ಕೆ ಎಷ್ಟು ಶೇಕಡಾ ಎಂಬ ಮೊದಲ ಪಟ್ಟಿ ಬಂದದ್ದು 1921ರಲ್ಲಿ. 1925ರಲ್ಲಿ ಅವರವರ ಕಸುಬು ನೋಡಿ ಕೊಡೋಣ ಎಂದರು, 1933ರಲ್ಲಿ ಮತ್ತೆ ಸರಾಸರಿಗೇ ಮರಳಿದರು. ಇಂದಿನ ಪಟ್ಟಿಯ ಅಡಿಪಾಯ 1945ರದು. ಅದಕ್ಕೇ ತೇಪೆ ಹಾಕುತ್ತಾ ಬಂದಿದ್ದಾರೆ.

ಬೆನ್ನಿಗೆ ಡಿಗ್ರಿಯ ಲೆಕ್ಕ ಗಟ್ಟಿಯಾದದ್ದು 2003ರ ಸೆಪ್ಟೆಂಬರಿನಲ್ಲಿ. ಮೊದಲು ಸೊಂಟದ ಚಲನೆ ‘ಸ್ವಲ್ಪ’, ‘ಮಧ್ಯಮ’, ‘ತೀವ್ರ’ ಕಡಿಮೆಯಾಗಿದೆ ಎಂದು ಬರೆಯುತ್ತಿದ್ದರು. ಒಬ್ಬರ ಸ್ವಲ್ಪ ಇನ್ನೊಬ್ಬರಿಗೆ ಜಾಸ್ತಿ, ಅಲ್ವಾ? ಆದರೆ ನೋವು ಡಿಗ್ರಿಗೆ ಸಿಗುವುದಿಲ್ಲ. ಇವತ್ತು ಬಾಗಿದ ಸೊಂಟ ನಾಳೆ ಹಾಸಿಗೆ ಬಿಟ್ಟು ಏಳದಿರಬಹುದು. ನೋವು ಕೆರಳಿದಾಗ ಏನಾಗುತ್ತದೆ ಅಂತಲೂ ನೋಡಿ ಎಂದು 1995ರ ಡೆಲೂಕಾ ಪ್ರಕರಣದಲ್ಲೇ ನ್ಯಾಯಾಲಯ ಹೇಳಿತ್ತು.

ಕಿವಿಯ ಕಥೆ ಇನ್ನೂ ವಿಚಿತ್ರ. ಸದ್ದಿಲ್ಲದ ಕೋಣೆ. ಹಿಯರಿಂಗ್ ಏಡ್ ತೆಗೆದಿಡಬೇಕು. 1000ದಿಂದ 4000 ಹರ್ಟ್ಸ್‌ವರೆಗಿನ ಸ್ವರಗಳು ಕೇಳುತ್ತವೆಯೇ ಎಂದು ನೋಡುತ್ತಾರೆ. ಆಮೇಲೆ ‘ಮೇರಿಲ್ಯಾಂಡ್ ಸಿಎನ್‌ಸಿ’ ಪಟ್ಟಿಯ ಪುಟ್ಟ ಪುಟ್ಟ ಪದಗಳನ್ನು ಕೇಳಿ ತಿರುಗಿ ಹೇಳಬೇಕು. ಪ್ರತಿ ಕಿವಿಗೂ 1ರಿಂದ 11ರೊಳಗೆ ಒಂದು ಅಂಕಿ. ಎರಡನ್ನೂ ಕೋಷ್ಟಕದಲ್ಲಿಟ್ಟು ನೋಡಿದರೆ ಎಷ್ಟೋ ಜನಕ್ಕೆ ಬರುವುದು ಸೊನ್ನೆ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟರೆ ಹೆಂಡತಿಯ ಮಾತೇ ತಿಳಿಯದವನಿಗೂ ಸೊನ್ನೆ ಬರಬಹುದು, ಏಕೆಂದರೆ ಆ ಕೋಣೆಯಲ್ಲಿ ನಲ್ಲಿ ಇರುವುದಿಲ್ಲ. ಈ ಸೊನ್ನೆ ಸುಮ್ನೆ ಬರೆದದ್ದಲ್ಲ. ತೊಂದರೆ ಸೇವೆಯಿಂದಲೇ ಆದದ್ದು ಎಂದು ಒಪ್ಪಿದ ಹಾಗೆ. ಕಿವಿ ಇನ್ನೂ ಮಂದವಾದರೆ ಮತ್ತೆ ಅರ್ಜಿ ಹಾಕಬಹುದು. ದುಡ್ಡು ಮಾತ್ರ ಇಲ್ಲ.

ಕಿವಿಯೊಳಗೆ ಗುಂಯ್‌ಗುಡುವ ಟಿನಿಟಸ್‌ಗೆ 10% ಇದೆ. ಒಂದು ಕಿವಿಯಾದರೂ ಅಷ್ಟೇ, ಎರಡಾದರೂ ಅಷ್ಟೇ. ಎರಡಕ್ಕೂ ಬೇರೆ ಬೇರೆ ಕೊಡಿ ಎಂದು ಕೋರ್ಟಿಗೆ ಹೋದ ಸೈನಿಕರೂ ಇದ್ದರು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಪರಿಹಾರ ಕೊಡುವ ಮಾಜಿ ಸೈನಿಕರ ಇಲಾಖೆಯ ಪರವೇ ನಿಂತಿತು.

ಇನ್ನು ಕೂಡುವ ಲೆಕ್ಕ. ಬೆನ್ನಿಗೆ 40, ಇನ್ನೊಂದು ಗಾಯಕ್ಕೆ 20, ಕಿವಿಗೆ 10 ಬಂದರೆ ಒಟ್ಟು 70 ಅಲ್ಲ. 40 ಕಳೆದು ಉಳಿದ 60ರಲ್ಲಿ 20%, ಅಂದರೆ 12. ಈಗ ಉಳಿದದ್ದು 48, ಅದರಲ್ಲಿ 10%. ಹೀಗೆ 57 ಆಗಿ, ಹತ್ತಿರದ ಹತ್ತಕ್ಕೆ ಏರಿ 60ಕ್ಕೆ ನಿಲ್ಲುತ್ತದೆ.