ಎಚ್‌ಎಂಒ ಲೈಸೆನ್ಸಿನಲ್ಲಿ ‘ಮ್ಯಾನೇಜರ್’ ಯಾರು? ತಾರತಮ್ಯದ ಪ್ರಶ್ನೆ ಎಲ್ಲಿ ಏಳುತ್ತದೆ?

ಇಂಗ್ಲೆಂಡಿನ ಹೌಸಿಂಗ್ ಆ್ಯಕ್ಟ್ 2004 ಓದುತ್ತಿರುವವರಿಗೆ ಈ ಟಿಪ್ಪಣಿ. ಮೊದಲ ಭಾಗ ಸುಲಭ. ಒಂದೇ ಸಂಸಾರದವರಲ್ಲದ 5 ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಇಲ್ಲವೇ ಶೌಚಾಲಯ ಹಂಚಿಕೊಂಡು ಬಾಡಿಗೆಗಿದ್ದರೆ ಅದು ಸ್ಥಳೀಯ ಕೌನ್ಸಿಲಿನ ಲೈಸೆನ್ಸ್ ಕಡ್ಡಾಯವಾಗಿರುವ ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಶನ್, ಹಲವು ಸಂಸಾರಗಳ ಮನೆ). ಸ್ನೇಹಿತರು ಸೇರಿ ಮನೆ ಮಾಡಿದರೆ ಒಂದು ಸಂಸಾರವಾಗುವುದಿಲ್ಲ, ತಲೆಗೊಂದು ಸಂಸಾರವೆಂದೇ ಲೆಕ್ಕ. ಮೂರು ಅಂತಸ್ತು ಇರಬೇಕೆಂಬ ಷರತ್ತು 2018ರ ಅಕ್ಟೋಬರ್ 1ರಿಂದ ಇಲ್ಲ. ಹಳೆಯ ನೋಟ್ಸ್ ಇಟ್ಟುಕೊಂಡವರು ಆ ಸಾಲು ಹೊಡೆದುಹಾಕಿ. ಲೈಸೆನ್ಸಿನ ಅವಧಿ ಗರಿಷ್ಠ 5 ವರ್ಷ.

ಎಡವುವ ಜಾಗ

ಈ ಕಾಯ್ದೆಯಲ್ಲಿ ‘ಮ್ಯಾನೇಜರ್’ ಎರಡು ಕಡೆ ಬರುತ್ತಾನೆ, ಇಬ್ಬರೂ ಒಬ್ಬನೇ ಅಲ್ಲ. ಇದು ತಲೆಗೆ ಹತ್ತದೆ ಮುಂದಿನದು ಯಾವುದೂ ಹತ್ತುವುದಿಲ್ಲ.

ಒಂದು ಮನೆ ತೆಗೆದುಕೊಳ್ಳಿ. ಓನರ್ ದುಬೈನಲ್ಲಿ. ಪೂರ್ತಿ ಬಾಡಿಗೆ ಬರುವುದು ಊರಿನ ಏಜೆನ್ಸಿಯ ಖಾತೆಗೆ. ಕೋಣೆ ತೋರಿಸುವುದು, ಅರ್ಜಿ ತೆಗೆದುಕೊಳ್ಳುವುದು, ಬೀಗದ ಕೈ ಕೊಡುವುದು ಏಜೆನ್ಸಿಯ ಒಬ್ಬ ನೌಕರ. ಮಾತಿನಲ್ಲಿ ಮ್ಯಾನೇಜರ್ ಎಂದರೆ ಈ ನೌಕರನೇ. ಆದರೆ ಕಲಂ 263 ಹುಡುಕುವುದು ದುಡ್ಡನ್ನು. ಬಾಡಿಗೆ ಕೈಗೆ ಬರುವವರು ಮನೆಯ ‘ನಿಯಂತ್ರಣ ಉಳ್ಳವರು’, ಅಂದರೆ ಏಜೆನ್ಸಿ. ಬಾಡಿಗೆ ಪಡೆಯುವ ಓನರ್ ಮತ್ತು ಅವನ ಪರವಾಗಿ ವಸೂಲು ಮಾಡುವವರು ‘ನಿರ್ವಹಿಸುವವರು’. ನೌಕರ ಈ ಎರಡರಲ್ಲಿ ಯಾವುದೂ ಅಲ್ಲ. ಅವನ ಕೈಗೆ ಒಂದು ಪೌಂಡೂ ಬರುವುದಿಲ್ಲವಲ್ಲ.

ಕಲಂ 64 ಬೇರೆ. ಲೈಸೆನ್ಸ್ ಕೊಡುವ ಮೊದಲು ಕೌನ್ಸಿಲ್ ‘ಉದ್ದೇಶಿತ ಮ್ಯಾನೇಜರ್’ ಯೋಗ್ಯನೇ ಎಂದು ನೋಡಬೇಕು. ಆ ಮ್ಯಾನೇಜರ್ ನಿಯಂತ್ರಣ ಉಳ್ಳವರೇ ಆಗಿರಬಹುದು, ಅವರ ಏಜೆಂಟೋ ನೌಕರನೋ ಆಗಿರಬಹುದು. ಅರ್ಜಿಯಲ್ಲಿ ನೌಕರನ ಹೆಸರು ಹಾಕಿದರೆ ಪರೀಕ್ಷೆ ನೇರವಾಗಿ ಅವನ ಮೇಲೆ. ಏಜೆನ್ಸಿ ತನ್ನ ಹೆಸರನ್ನೇ ಹಾಕಿಕೊಂಡರೆ? ನೌಕರ ನುಣುಚಿಕೊಂಡ ಅನ್ನಿಸುತ್ತದೆ, ಉತ್ತರಪತ್ರಿಕೆ ಇಲ್ಲೇ ಕೆಡುವುದು. ಕಲಂ 66(6) ಓದಿ: ಮ್ಯಾನೇಜರನ್ನು ಬಿಟ್ಟು ನಿರ್ವಹಣೆಯಲ್ಲಿ ಕೈಯಿಡುವ ಉಳಿದವರೂ ಯೋಗ್ಯರೇ ಎಂದು ಕೌನ್ಸಿಲ್ ನೋಡಬೇಕು.

ನೆನಪಿಗೆ: ದುಡ್ಡು 263, ಹೆಸರು 64, ಕೈ 66(6). ಸಮಸ್ಯೆ ಬಿಡಿಸುವಾಗ ಇದೇ ಕ್ರಮದಲ್ಲಿ ಹೋಗಿ.

ಯೋಗ್ಯತೆ, ಕಲಂ 66

ಕೌನ್ಸಿಲ್ ಗಮನಿಸಬೇಕಾದ ಸಾಕ್ಷ್ಯಗಳಲ್ಲಿ ವಂಚನೆ, ಹಿಂಸೆ, ಮಾದಕವಸ್ತು ಅಪರಾಧಗಳ ನಂತರ ಬರುವುದೇ ತಾರತಮ್ಯ. ಯಾವುದೇ ವ್ಯವಹಾರದಲ್ಲಿ ಲಿಂಗ, ಬಣ್ಣ, ಜನಾಂಗ, ಜನಾಂಗೀಯ ಅಥವಾ ರಾಷ್ಟ್ರೀಯ ಮೂಲ, ಅಂಗವಿಕಲತೆಯ ಕಾರಣಕ್ಕೆ ಕಾನೂನುಬಾಹಿರ ತಾರತಮ್ಯ ಮಾಡಿದ್ದಾನೆಯೇ? ‘ಯಾವುದೇ ವ್ಯವಹಾರ’ ಎಂಬುದಕ್ಕೆ ಗೆರೆ ಎಳೆಯಿರಿ, ಬಾಡಿಗೆಯದ್ದೇ ಆಗಬೇಕಿಲ್ಲ. ಜೊತೆಗೆ ಕೆಲಸ ಮಾಡುವವರು ಮಾಡಿದ್ದೂ ಪ್ರಸ್ತುತವೆನಿಸಿದರೆ ಲೆಕ್ಕಕ್ಕೆ ಬರುತ್ತದೆ.

ಈ ಪಟ್ಟಿಯಲ್ಲಿ ಧರ್ಮ ಇಲ್ಲ! ‘ಇತರ ಸಂಗತಿಗಳ ಜೊತೆಗೆ’ ಎಂಬ ಮಾತು ಕಲಮಿನಲ್ಲೇ ಇರುವುದರಿಂದ ಕೌನ್ಸಿಲ್ ಅದನ್ನೂ ನೋಡಬಹುದು. ಆದರೂ ಇದು ಕರಡಿನ ದೌರ್ಬಲ್ಯವೇ. ವೇಲ್ಸ್ ತನ್ನ 2014ರ ಹೌಸಿಂಗ್ ಆ್ಯಕ್ಟಿನಲ್ಲಿ ತಾರತಮ್ಯ ತಡೆಯುವ ಇಕ್ವಾಲಿಟಿ ಆ್ಯಕ್ಟ್ 2010ರ ಪಟ್ಟಿಯನ್ನೇ ಪೂರ್ತಿ ತೆಗೆದುಕೊಂಡು ಇದನ್ನು ಸರಿಪಡಿಸಿತು.

ಇನ್ನೊಂದು. ಸಾಕ್ಷ್ಯ ಸಿಕ್ಕಿತೆಂದರೆ ಲೈಸೆನ್ಸ್ ತಾನಾಗಿಯೇ ರದ್ದು ಎಂದು ಬರೆಯಬೇಡಿ. ಕಲಂ ಹೇಳುವುದು ‘ಗಮನಕ್ಕೆ ತೆಗೆದುಕೊಳ್ಳಬೇಕು’ ಎಂದಷ್ಟೇ. ತೂಗಿ ನೋಡುವುದು ಕೌನ್ಸಿಲಿಗೆ ಬಿಟ್ಟದ್ದು.

ಸಾಕ್ಷ್ಯ ಎಲ್ಲಿಂದ ಬರುತ್ತದೆ?

ಹೆಸರು ಕೇಳಿದ ಕೂಡಲೇ ‘ಮನೆ ಈಗಷ್ಟೇ ಹೋಯಿತು’ ಎನ್ನುವ ಫೋನ್ ಮಾತಿಗೆ ಕಾಗದವಿಲ್ಲ, ಇಡೀ ವ್ಯವಸ್ಥೆ ಕುಂಟುವುದು ಇಲ್ಲೇ. ಕಾಗದ ಇದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಕೆಂಟ್‌ನ ಪ್ರಕರಣ ನೋಡಿ. ಅಲ್ಲಿನ ಒಬ್ಬ ದೊಡ್ಡ ಮನೆಮಾಲೀಕ ಕರಿ (curry, ಮಸಾಲೆ ಅಡುಗೆ) ವಾಸನೆಯ ನೆಪ ಹೇಳಿ, ‘ಬಣ್ಣದವರಿಗೆ’ ಮನೆ ಕೊಡಬೇಡಿ ಎಂದು ಏಜೆನ್ಸಿಗೆ ಇಮೇಲ್ ಬರೆದ. (ನಮ್ಮ ಒಗ್ಗರಣೆಗೂ ಕೋರ್ಟಿನ ಮೆಟ್ಟಿಲು!) ಸಮಾನತೆ ಆಯೋಗ ದಾವೆ ಹೂಡಿ 2017ರ ನವೆಂಬರಿನಲ್ಲಿ ಮೇಡ್‌ಸ್ಟೋನ್ ಕೌಂಟಿ ಕೋರ್ಟಿನಿಂದ ತಡೆಯಾಜ್ಞೆ ತಂದಿತು. ಇಂಥ ಆದೇಶ 66ಕ್ಕೆ ಗಟ್ಟಿ ಸಾಕ್ಷ್ಯ. ಆ ಇಮೇಲನ್ನು ಮ್ಯಾನೇಜರ್ ಪಾಲಿಸಿದ್ದರೆ ‘ಓನರ್ ಹೇಳಿದ್ದು’ ಎಂಬ ಸಬೂಬು ನಡೆಯುತ್ತಿರಲಿಲ್ಲ: ಇಕ್ವಾಲಿಟಿ ಆ್ಯಕ್ಟ್ ಕಲಂ 110ರ ಪ್ರಕಾರ ನೌಕರ, ಏಜೆಂಟ್ ತಾವೂ ಹೊಣೆ.

ರೈಟ್ ಟು ರೆಂಟ್ ತಪಾಸಣೆ (ಬಾಡಿಗೆಗೆ ಬರುವವರಿಗೆ ದೇಶದಲ್ಲಿರುವ ಹಕ್ಕಿದೆಯೇ ಎಂದು ನೋಡುವುದು, ಇಡೀ ಇಂಗ್ಲೆಂಡಿಗೆ 2016ರ ಫೆಬ್ರವರಿ 1ರಿಂದ) ಇನ್ನೊಂದು ಮೂಲ. 18 ತುಂಬಿದ ಎಲ್ಲರ ದಾಖಲೆ ಕೇಳಬೇಕು, ಹೆಸರು ಪರದೇಶದ್ದೆನಿಸಿದವರದ್ದು ಮಾತ್ರವಲ್ಲ. ಇಂಗ್ಲೆಂಡಿಗೆ ಓದಲು ಹೋಗುವ ನಮ್ಮವರ ಬಳಿ ಇರುವುದು ಇ-ವೀಸಾ. ಓನರ್ ಅದನ್ನು ಆನ್‌ಲೈನಿನಲ್ಲಿ ನೋಡಲು ಕೊಡುವ ಶೇರ್ ಕೋಡ್ 90 ದಿನ ನಡೆಯುತ್ತದೆ. ‘ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ’ ಎಂಬ ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ತೆಗೆದಿಟ್ಟರೆ ಕೌನ್ಸಿಲಿಗೆ ಕೊಡಲು ಕಾಗದ ಸಿಕ್ಕಂತೆ. ಇಕ್ವಾಲಿಟಿ ಆ್ಯಕ್ಟಿನಲ್ಲಿ ರಾಷ್ಟ್ರೀಯತೆ ಜನಾಂಗದೊಳಗೇ ಬರುತ್ತದೆ. ಕೌಂಟಿ ಕೋರ್ಟಿಗೆ ಹೋಗುವವರಿಗೆ 6 ತಿಂಗಳ ಗಡುವು.

ಲೈಸೆನ್ಸ್ ಕೊಟ್ಟ ಮೇಲೆ ಗೊತ್ತಾದರೆ?

ಕಲಂ 70. ನೋಟಿಸ್ ಕೊಟ್ಟು, ಅಹವಾಲು ಕೇಳಿ, ರದ್ದು ಮಾಡಬಹುದು. ಅದರ ವಿರುದ್ಧ 28 ದಿನದೊಳಗೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಮೇಲ್ಮನವಿ. ಬೇರೆ ಯೋಗ್ಯ ವ್ಯಕ್ತಿ ಸಿಗುವ ಲಕ್ಷಣವೇ ಇಲ್ಲದಿದ್ದರೆ ಕೌನ್ಸಿಲ್ ಮಧ್ಯಂತರ ನಿರ್ವಹಣಾ ಆದೇಶ ಹೊರಡಿಸಿ, ಗರಿಷ್ಠ 12 ತಿಂಗಳು ಮನೆಯನ್ನು ತಾನೇ ನೋಡಿಕೊಳ್ಳುತ್ತದೆ. ಆಗ ಬಾಡಿಗೆ ಹೋಗುವುದೂ ಕೌನ್ಸಿಲಿಗೆ.